ತಾಟಿಗೆ ಬಿದ್ದ ತೊಗರಿ

ಶಹಾಪುರ
೧೬ ಫೆಬ್ರವರಿ ೧೯೯೩, ಮಂಗಳವಾರ

ಹೆಸರು ಹಿಡಿದು ಕರೆಯಲು ಇಂದಿಗೂ ಬಾಯಿ ಬಾರದ ನನ್ನ ಯಜಮಾನರಿಗೆ ಮೋನಮ್ಮನ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ನಾರಾಯಣಪುರದಲ್ಲಿ ಡ್ಯಾಮಿನ ಗಾಳಿ ಜೋರಂತೆ, ಕಿವಿಗೆ ಮಫ್ಲರ್ ಸುತ್ತಿಕೊಂಡೇ ಡ್ಯೂಟಿಗೆ ಹೋಗಿ. ಕಳಿಸಿದ ಶೇಂಗಾ ಹಿಂಡಿಯನ್ನು ನೀವು ತಿಂದಿರೋ, ಇಲ್ಲ ಕ್ವಾರ್ಟರ್ಸಿನವರಿಗೆಲ್ಲ ಹಂಚಿ ದೊಡ್ಡವರೆನಿಸಿಕೊಂಡಿರೋ? ನಾನು ಆರಾಮಾಗಿದ್ದೇನೆ. ಶಾಲೆಯಲ್ಲಿ ಪರೀಕ್ಷೆಯ ತಯಾರಿ ನಡೆದಿದೆ, ಮಕ್ಕಳಿಗಿಂತ ನನಗೇ ಹೆಚ್ಚು ಭಯ.

ನೀವು ಪ್ರತಿ ಪತ್ರದಲ್ಲೂ ನನ್ನ ಆರೋಗ್ಯಕ್ಕಿಂತ ಮೊದಲು ಕೇಳುವ ಸಂಗತಿಗೆ ಉತ್ತರ: ನಿಮ್ಮ ಭಾಷಣ ಸಂಘಕ್ಕೆ ಶೀಲ್ಡ್ ಬಂತು. ಯಾದಗಿರಿ, ಸುರಪುರ, ಶಹಾಪುರ, ಮೂರೂ ಊರಿನ ಸಂಘಗಳಲ್ಲಿ ನಮ್ಮದೇ ಉತ್ತಮ ಎಂದು, ಸಂಘಗಳನ್ನು ನೋಡಲು ಬಂದ ಪರೀಕ್ಷಕರು ಭಾನುವಾರ ಎಲ್ಲರೆದುರು ಸಾರಿದರು. ಆದರೆ ಕುಣಿಯಬೇಡಿ, ಪೂರ್ತಿ ಓದಿ. ನನಗಂತೂ ಆ ಶೀಲ್ಡಿನ ಮುಖ ನೋಡಲು ಮನಸ್ಸಾಗುತ್ತಿಲ್ಲ.

ಮಾತಿನ ನಡುವೆ ಸುಮ್ಮಸುಮ್ಮನೆ ‘ಅಂದ್ರ, ಅಂದ್ರ’ ಎನ್ನುವ ಚಟ ಬಿಡಿಸಲು ನೀವೇ ಒಂದು ಪದ್ಧತಿ ಹಾಕಿದ್ದಿರಲ್ಲ, ಒಂದೊಂದು ‘ಅಂದ್ರ’ಕ್ಕೂ ಸ್ಟೀಲಿನ ತಾಟಿಗೆ ಒಂದು ತೊಗರಿಕಾಳು ಟಣ್ಣೆಂದು ಬೀಳಬೇಕು ಅಂತ. ಮೊದಮೊದಲು ಒಬ್ಬರ ಭಾಷಣ ಮುಗಿಯುವಷ್ಟರಲ್ಲಿ ಬೇಳೆಗಾಗುವಷ್ಟು ತೊಗರಿ ಕೂಡುತ್ತಿತ್ತು. ಈಗ ಎಲ್ಲರೂ ಪಳಗಿದ್ದಾರೆ, ತಾಟು ಖಾಲಿಯೇ ಇರುತ್ತದೆ. ಗಡಿಯಾರ ರಿಪೇರಿಯ ಜಲಾಲುದ್ದೀನ, ನಾಲ್ಕು ಮಂದಿಯ ಮುಂದೆ ನಿಂತರೆ ಬೆವರುತ್ತಿದ್ದವನು, ಈಗ ಕಾಳು ಹಾಕುವ ಕೆಲಸಕ್ಕೇ ಮುಖ್ಯಸ್ಥ. ಪರೀಕ್ಷಕರು ಸಂಘದ ಯಶಸ್ಸು ಅಳೆದದ್ದೂ ಆ ತಾಟಿನಿಂದಲೇ. ನೀವಿದ್ದಿದ್ದರೆ ಎದೆ ಉಬ್ಬಿಸಿ ಓಡಾಡುತ್ತಿದ್ದಿರಿ.

ನಿಮ್ಮ ತಂಗಿ ಲಾಲಮ್ಮನೂ ಅಲ್ಲಿದ್ದಳು. ಗಂಡ ಕಾಲುವೆಯ ಪಾಲಾದ ಮೇಲೆ ನಮ್ಮ ಮನೆ ಸೇರಿದ ಹುಡುಗಿ ‘ಹೂಂ’, ‘ಉಹೂಂ’ ಬಿಟ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. ಚಹಾ ಕೊಡುವ ನೆಪ ಹೇಳಿ ನಾನೇ ಅವಳನ್ನು ಸಂಘಕ್ಕೆ ಕರೆದೊಯ್ಯುತ್ತಿದ್ದೆ. ಬಾಗಿಲ ಹತ್ತಿರ ಕೂತು ಎಲ್ಲರ ಬಾಯಿ ನೋಡುತ್ತಿದ್ದಳು. ಮೊನ್ನೆ ಪರೀಕ್ಷಕರು, ಈವರೆಗೆ ಮಾತಾಡದವರು ಯಾರಾದರೂ ಎದ್ದು ಮಾತಾಡಲಿ, ಸಂಘದ ಪ್ರಯೋಜನ ಅದರಲ್ಲೇ ತಿಳಿಯುತ್ತದೆ ಎಂದರು. ಯಾರೂ ಏಳಲಿಲ್ಲ. ಆಗ ಲಾಲಮ್ಮ ಚಹಾದ ಕೆಟಲಿ ಕೆಳಗಿಟ್ಟು ಎದ್ದು ನಿಂತಳು ನೋಡಿ.

ಸೆರಗು ಬಿಗಿಯಾಗಿ ಹಿಡಿದುಕೊಂಡು ಶುರು ಮಾಡಿದಳು. “ನಮ್ಮ ಮನಿಯವ್ರು ಅಂಬ್ರಪ್ಪ ಕಾಲುವಿ ಗ್ಯಾಂಗಿನ್ಯಾಗ ಇದ್ರು. ಗೇಟಿಗಿ ಕಸ ಸಿಕ್ಕಿತ್ತಂತ ಇಳದ್ರು. ಅಂದ್ರ...” ಟಣ್ಣೆಂದಿತು ತಾಟು. ಅವಳು ಬೆಚ್ಚಿದಳು, ಆದರೂ ನಿಲ್ಲಿಸಲಿಲ್ಲ. “ಆ ನೌಕ್ರಿ ನಮ್ಮಣ್ಣ ಕೊಡ್ಸಿದ್ದ. ಅಂದ್ರ... ಅಂದ್ರ...” ಮತ್ತೆ ಟಣ್, ಟಣ್. ಲಾಲಮ್ಮ ತಾಟನ್ನೇ ನೋಡುತ್ತಾ ನಿಂತಳು. ಆಮೇಲೆ ಕೂತುಬಿಟ್ಟಳು. ಜಲಾಲುದ್ದೀನ ಕೆಟ್ಟವನಲ್ಲ, ಕೈಗೆ ರೂಢಿಯಾಗಿತ್ತು, ಬೆರಳು ತಾನೇ ಸಡಿಲಿತು. ಅರಿವಾದದ್ದೇ ತಡ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ. “ನನ್ನ ಕೈಗಿ ಬೆಂಕಿ ಹಚ್ಚ, ಅಕ್ಕಾರ” ಎಂದು ನನ್ನ ಮುಂದೆ ಗೋಳಾಡಿದ. ಪರೀಕ್ಷಕರು ಮಾತ್ರ ತಲೆದೂಗಿದರು. ದುಃಖದ ಗಳಿಗೆಯಲ್ಲೂ ನಿಯಮ ತಪ್ಪದ ಇಂಥ ಶಿಸ್ತನ್ನು ಬೇರೆಲ್ಲೂ ಕಂಡಿಲ್ಲವೆಂದು ಹೊಗಳಿದರು. ಶೀಲ್ಡ್ ಬಂದದ್ದು ಅದಕ್ಕೇರಿ. ಚಪ್ಪಾಳೆಯೋ ಚಪ್ಪಾಳೆ. ನಿಮ್ಮ ತಂಗಿ ಖಾಲಿ ಕಪ್ಪುಗಳನ್ನು ಎತ್ತುತ್ತಿದ್ದಳು.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ‘ಅಂಬ್ರಪ್ಪನನ್ನು ಆ ಕೆಲಸಕ್ಕೆ ಹಚ್ಚಿದವನೇ ನಾನು, ಲಾಲಮ್ಮನಿಗೆ ಯಾವ ಮುಖ ತೋರಿಸಲಿ’ ಎಂದಿರಿ, ಎಂದು ವರ್ಗಾವಣೆ ಕೇಳಿ ಪಡೆದಿರಿ. ಅವಳು ನಮ್ಮ ಮನೆಯಲ್ಲಿದ್ದಷ್ಟು ದಿನ ಇತ್ತ ಕಾಲಿಡಲಿಲ್ಲ. ನಾರಾಯಣಪುರವೇನು ಕಾಶಿಯೇ? ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತೀರಿ. ಊರಿಗೆಲ್ಲ ಮಾತು ಕಲಿಸಿದವರು, ಒಡಹುಟ್ಟಿದವಳ ಹತ್ತಿರ ಎರಡು ಮಾತಾಡಲು ನಿಮಗೆ ಬಾಯಿಲ್ಲವಾಯಿತು. ಹೀಗೆ ಬರೆಯುವಾಗ ನನಗೂ ಸಂಕಟವೇ, ನೀವು ಅಲ್ಲಿ ಒಬ್ಬರೇ ಕೊರಗುವುದು ನನಗೆ ಗೊತ್ತಿಲ್ಲದ್ದೇನಲ್ಲ.

ನಿನ್ನೆ ಬೆಳಿಗ್ಗೆ ಲಾಲಮ್ಮ ದೋರನಹಳ್ಳಿಗೆ, ತನ್ನ ಅತ್ತೆಯ ಹತ್ತಿರ ಹೊರಟುಹೋದಳು. ಎಷ್ಟು ಬೇಡಿಕೊಂಡರೂ ನಿಲ್ಲಲಿಲ್ಲ. ಮನೆ ಬಿಕೋ ಎನ್ನುತ್ತಿದೆ. ಅವಳು ಮಾತಾಡದಿದ್ದರೂ ಪಕ್ಕದಲ್ಲಿ ಒಂದು ಜೀವವಿತ್ತು.

ಪಕ್ಕದ ಮನೆಯ ಇಸ್ಮಾಯಿಲಸಾಬರು, ಹಜರಾಬೀ ಇಬ್ಬರೂ ನಿಮ್ಮನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳಿ. ನಿಮಗೆ ಒಳ್ಳೆಯದಾಗಲಿ ಎಂದೇ ಬೈದಿದ್ದೇನೆ.

ಇಂತಿ ನಿಮ್ಮ
ಮೋನಮ್ಮ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಇದನ್ನು ಬರೆಯಲೋ ಬೇಡವೋ ಎಂದು ಇಷ್ಟೊತ್ತು ಕೂತಿದ್ದೆ. ಲಾಲಮ್ಮ ಅಂದು ನಿಮ್ಮನ್ನು ದೂರಲು ಎದ್ದಳೆಂದೇ ಎಲ್ಲರೂ ತಿಳಿದರು, ನಾನೂ ತಿಳಿದೆ. ಬಸ್ಸು ಹೊರಡುವಾಗ ಕಿಟಕಿಯಿಂದ ನನ್ನ ಕೈ ಹಿಡಿದು ಅವಳು ಹೇಳಿದ್ದಿಷ್ಟು: “ಅಣ್ಣ ಕೊಡ್ಸಿದ ನೌಕ್ರಿಯಿಂದ ನಾವು ಹೊಟ್ಟಿತುಂಬ ಉಂಡೀವಿ ವೈನಿ. ಅದನ್ನ ಹೇಳಾಕಿದ್ದೆ. ನನಗ ಅದ್ರ ಸಿಟ್ಟಿಲ್ಲ. ಖರೇ, ಅವ್ರನ್ನ ಮಣ್ಣು ಮಾಡಾಗ ಯಾಕ ಬರ್ಲಿಲ್ಲ ಅಂತ ಅಣ್ಣಗ ಕೇಳ್ರಿ.” ನಾನು ಕೇಳುವುದಿಲ್ಲ. ದೋರನಹಳ್ಳಿಗೆ ಹೋಗಿ ನೀವೇ ಅವಳಿಗೆ ಹೇಳಿ.