ಕಣ್ಣು ಮುಚ್ಚಿ ಹಾಕಿದ ಬೆಸುಗೆ

ಅಪ್ಪಾ,

ನೀನು ತೀರಿಹೋದ ಮೇಲೆ ನೀನು ದುಡಿಯುತ್ತಿದ್ದ ವೆಲ್ಡಿಂಗ್ ವರ್ಕ್‌ಶಾಪಿಗೆ ಇವತ್ತೇ ಮೊದಲ ಸಲ ಹೋಗಿದ್ದು, ಯೂನಿಯನ್ ಪರವಾಗಿ. ಚಿಕ್ಕ ಬೆಸುಗೆಯಾದರೆ ಅಲ್ಲಿಯವರು ಈಗಲೂ ಮುಖಕ್ಕೆ ಶೀಲ್ಡ್ ಹಿಡಿಯದೆ ಕಣ್ಣು ಮುಚ್ಚಿಕೊಂಡೇ ಹಾಕುತ್ತಾರೆ. ರೆಪ್ಪೆ ಮುಚ್ಚುವ ಮೊದಲೇ ನೇರಳಾತೀತ ಕಿರಣ ಒಳಗೆ ಹೊಕ್ಕಿರುತ್ತದೆ, ನಿಮ್ಮ ಕಣ್ಣು ಮಾಲೀಕನ ಸಾಮಾನಲ್ಲ ಎಂದು ಕೂಗಿ ಹೇಳಿದೆ.

“ನಿಮ್ಮಪ್ಪನೂ ಹಿಂಗೇ ಹಾಕ್ತಿದ್ದ. ಅವನಿಗೇನಾಯ್ತು ಲೀಡರಮ್ಮ?” ಅಂದರು ನಿನ್ನ ಗೆಳೆಯ ಮೇಸ್ತ್ರಿ. ಎಲ್ಲರೂ ನಕ್ಕರು.

ಯಾರಿಗೂ ಹೇಳಬೇಡ ಅಂದಿದ್ದೆ ನೀನು. ನಾನು ಇವತ್ತು ಹೇಳಿಬಿಟ್ಟೆ. ಕೊನೆಕೊನೆಗೆ ನಿನಗೆ ಎದುರಿಗೆ ನಿಂತವರ ಮುಖವೂ ಕಾಣುತ್ತಿರಲಿಲ್ಲ, ನನ್ನದೂ ಕೂಡ.

ನಗು ನಿಂತಿತು. ಮೇಸ್ತ್ರಿ ಶೀಲ್ಡಿನ ಧೂಳನ್ನು ಅಂಗಿಯ ತುದಿಯಿಂದ ಒರೆಸುತ್ತಲೇ ಇದ್ದರು.

“ಅವತ್ತು ಬಸ್‌ಸ್ಟಾಂಡಲ್ಲಿ ಅವನಿಗೆ ಕೈ ಬೀಸಿದ್ದೆ. ನೋಡಿಯೂ ನೋಡದಂಗೆ ಹೋದ ಅನ್ಕೊಂಡೆ.”

ಅದೇ ಸಿಟ್ಟಿಗೆ ಅವರು ನಿನ್ನ ಮಣ್ಣಿಗೂ ಬಂದಿರಲಿಲ್ಲ, ಅಪ್ಪಾ.