ಒಂಬೈನೂರ ನಲವತ್ತು ಗ್ರಾಂ

ಭಾನುವಾರ, ಬೆಳಿಗ್ಗೆ ಹನ್ನೊಂದೂ ಕಾಲು
ಮೈದಾನದ ರಿಪೇರಿ ಕೋಣೆಯಿಂದ

ಪ್ರೀತಿಯ ಅಕ್ಕನಿಗೆ, ಬೈಸಿಕೊಳ್ಳಲು ಸಿದ್ಧಳಾಗಿ ಕೂತಿರುವ ತಂಗಿಯ ನಮಸ್ಕಾರ.

ಮೊದಲು ಇಷ್ಟು ಓದಿ ಉಸಿರು ಬಿಡು. ಭಾವ ಸುರಕ್ಷಿತವಾಗಿದ್ದಾರೆ. ಈ ಪ್ಲೈವುಡ್ ಗೋಡೆಯ ಆಚೆ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಿದ್ದಾರೆ. ಅವರ ಪಿಸ್ತೂಲು ನನ್ನ ಡ್ರಾಯರಿನಲ್ಲಿದೆ. ಆಟದ್ದಲ್ಲ, ನಿಜವಾದದ್ದು. ನೀನು ಬೀರುವಿನಲ್ಲಿಟ್ಟು ಎಂಟು ತಿಂಗಳಿಂದ ಕಾಯುತ್ತಿದ್ದೀಯಲ್ಲ, ಅದೇ.

ಫೋನ್ ಮಾಡಿದರೆ ಪ್ರಯೋಜನವಿಲ್ಲ. ನಾಲ್ಕು ಗಂಟೆಯವರೆಗೆ ನಿನ್ನದು ಆಪರೇಷನ್ ಥಿಯೇಟರಿನ ಹೊರಗೆ ಲಾಕರಿನಲ್ಲಿರುತ್ತದೆ. ಆಸ್ಪತ್ರೆಗೆ ಮಾಡೋಣವೆಂದರೆ, ಗೋಡೆಗೂ ಕಿವಿಯಿದೆ ಅನ್ನುತ್ತಾರೆ, ಈ ಗೋಡೆ ಬರೀ ಕಿವಿ. ಹೊರಗೆ ಹೋಗಿ ಮಾತಾಡಲು ಅವರನ್ನು ಒಬ್ಬರೇ ಬಿಡುವ ಧೈರ್ಯ ನನಗಿಲ್ಲ. ಅದಕ್ಕೇ ಈ ಕಾಗದ. ಪ್ರತಿ ಭಾನುವಾರ ನಿಮ್ಮ ಆಸ್ಪತ್ರೆಯಿಂದ ಔಷಧಿ ಪೆಟ್ಟಿಗೆ ಹಿಡಿದು ಇಲ್ಲಿಗೆ ಬರುವ ಪಟ್ಟಿಯಣ್ಣ ಹನ್ನೆರಡಕ್ಕೆ ವಾಪಸ್ ಹೊರಡುತ್ತಾರೆ. ಹೋಗುವ ಮುಂಚೆ ಹೇಳಿಹೋಗಲು ಕೋಣೆಗೆ ಬರುವುದು ಅವರ ರೂಢಿ. ಅವರ ಕೈಗೆ ಕೊಡುತ್ತೇನೆ.

ಈಗ ನನ್ನ ತಪ್ಪು. ಭಾವನಿಗೆ ನಾನು ಮಾಡಿಕೊಟ್ಟಿದ್ದು ಹಗುರ ಪ್ಲಾಸ್ಟಿಕ್ಕಿನ ಪಿಸ್ತೂಲು ಎಂದು ನಿನಗೆ ಹೇಳಿದ್ದೆ. ಅದು ಸುಳ್ಳು. ನಮ್ಮ ಏರ್‌ಸಾಫ್ಟ್ ಆಟದವರ ಹುಚ್ಚು ನಿನಗೆ ಗೊತ್ತಲ್ಲ. ಹಾರುವುದು ಕಾಳುಮೆಣಸಿಗಿಂತ ತುಸು ದಪ್ಪದ ಪ್ಲಾಸ್ಟಿಕ್ ಗುಂಡು, ಆದರೆ ಬಂದೂಕು ಮಾತ್ರ ಅಸಲಿಯಷ್ಟೇ ಭಾರ ಇರಬೇಕು, ಎದೆಯ ಕವಚದಲ್ಲಿ ಮರಳು ತುಂಬಿರಬೇಕು, ಸಂಜೆಗೆ ಭುಜ ಬಿದ್ದುಹೋಗಬೇಕು. ಹಗುರ ಬಂದೂಕು ಹಿಡಿದವನು ಸುಮ್ಮನೆ ಓಡುತ್ತಾನೆ, ಭಾರದ್ದು ಹಿಡಿದವನು ಯೋಚಿಸಿ ಓಡುತ್ತಾನೆ ಎಂದು ನಾನೇ ಗಿರಾಕಿಗಳಿಗೆ ಭಾಷಣ ಬಿಗಿದಿದ್ದೇನೆ. ಸೀಸ ತುಂಬಿ ತೂಕ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಬೇರೆ.

ಎರಡು ತಿಂಗಳ ಹಿಂದೆ ಭಾವ ಒಂದು ಚೀಟಿ ತಂದರು. ಅದರಲ್ಲಿ ಒಂಬೈನೂರ ನಲವತ್ತು ಗ್ರಾಂ ಎಂದು ಬರೆದಿತ್ತು. ಆಟಿಕೆ ಇದ್ದದ್ದು ಆರುನೂರ ನಲವತ್ತು. ಇಷ್ಟು ಭಾರ ಯಾಕೆ ಎಂದು ಕೇಳಿದೆ. "ಹತ್ತು ವರ್ಷ ಹೊತ್ತ ಕೈ ಕಣೇ, ಹಗುರ ಆದ್ರೆ ನಡುಗುತ್ತೆ" ಅಂದರು. ಕ್ಯಾಶ್ ವ್ಯಾನಿನ ಕಾವಲಿಗಿದ್ದಾಗ ಜೊತೆಗಾರ ಕಣ್ಣೆದುರೇ ಸತ್ತು, ತಮ್ಮ ಕೈ ಟ್ರಿಗರ್ ಒತ್ತದೆ ಉಳಿದ ದಿನದಿಂದ ಅವರು ಏನನ್ನೂ ಬೇಕೆಂದು ಕೇಳಿದವರಲ್ಲ. ಕೇಳಿದರಲ್ಲ ಎಂಬ ಸಂತೋಷಕ್ಕೆ ನನ್ನ ತಲೆ ಓಡಲಿಲ್ಲ. ಮೀನಿನ ಬಲೆಗೆ ಕಟ್ಟುವ ಸೀಸ ತಂದು ಕರಗಿಸಿ, ಹಿಡಿಯೊಳಗೆ ಹುಯ್ದು, ಗ್ರಾಮಿಗೆ ಗ್ರಾಂ ಕೂರಿಸಿ ಕೊಟ್ಟೆ. ಕಣ್ಣು ಮುಚ್ಚಿ ನಿಮ್ಮ ಅಸಲಿಯನ್ನೂ ಇದನ್ನೂ ಹಿಡಿದರೆ ನೀವೇ ಸೋಲುತ್ತೀರಿ ಭಾವ ಎಂದು ಕೊಚ್ಚಿಕೊಂಡೆ. ಅವರು ನಗಲಿಲ್ಲ.

ಅಕ್ಕಾ, ಬೀರುವಿನ ಕೀ ಸೆರಗಿಗೆ ಕಟ್ಟಿಕೊಂಡು ಓಡಾಡುತ್ತೀಯ. ಡ್ಯೂಟಿಗೆ ಹೊರಡುವ ಮುಂಚೆ ದಿನಾ ಬಾಗಿಲು ತೆರೆದು, ದಿಂಬಿನ ಚೀಲದ ಗಂಟನ್ನು ಎತ್ತಿ, ಭಾರ ಇದೆ ಎಂದು ಸಮಾಧಾನ ಮಾಡಿಕೊಂಡು ಇಡುತ್ತೀಯ. ಅದನ್ನು ಕಣ್ಣಿಂದ ನೋಡಲೂ ಇಷ್ಟವಿಲ್ಲ, ಬಿಚ್ಚುವುದಿಲ್ಲ ಎಂದು ನೀನೇ ಹೇಳಿದ್ದೆ. ಐಡಿ ಕಾರ್ಡ್ ಮರೆತು ಅರ್ಧ ದಾರಿಯಿಂದ ಬಂದ ದಿನ, ಚಪ್ಪಲಿ ಬಿಚ್ಚುವ ಸೋಮಾರಿತನಕ್ಕೆ ಹೊಸಿಲಲ್ಲೇ ನಿಂತು ಕೀ ಅವರ ಕೈಗೆ ಕೊಟ್ಟೆಯಲ್ಲ, ಬಹುಶಃ ಅವತ್ತೇ ಅದಲುಬದಲಾಗಿದೆ. ನೀನು ದಿನಾ ಎತ್ತಿ ನೋಡುತ್ತಿರುವುದು ನಾನು ಮಾಡಿದ ಆಟಿಕೆಯನ್ನು. ನಿನ್ನ ಕೈಯನ್ನು ಮೋಸಗೊಳಿಸಿದ್ದು ನನ್ನ ಕೈ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಭಯವೂ ಆಗುತ್ತದೆ.

ಇವತ್ತು ನಡೆದದ್ದು ಹೇಳುತ್ತೇನೆ. ಗೇಟಿನಲ್ಲಿ ಬಂದೂಕು ಪರೀಕ್ಷೆ ಮಾಡುವುದೂ ನನ್ನದೇ ಕೆಲಸ. ಕೈಯಲ್ಲಿ ಎತ್ತಿ ನೋಡಿ, ಬಲೆಯೊಳಗೆ ಒಂದು ಗುಂಡು ಹಾರಿಸಿ ವೇಗ ಅಳೆದು ಒಳಗೆ ಬಿಡಬೇಕು. ಭಾವನದ್ದನ್ನು ಮಾತ್ರ ಎತ್ತಿ, ತೂಕ ಸರಿಯಿದೆ, ನನ್ನದೇ ಕೆಲಸ ಎಂದು ಹಾರಿಸದೆ ಬಿಡುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು. ಇವತ್ತು ಹಿಂದೆ ಸಾಲಿನಲ್ಲಿ ಒಬ್ಬ ಹಲ್ಲಿನ ಡಾಕ್ಟರಿದ್ದರು, ತಮ್ಮದಕ್ಕೂ ತೂಕ ಹಾಕಿಸಬೇಕಂತೆ. ಅವರಿಗೆ ನನ್ನ ಕೈಚಳಕ ತೋರಿಸುವ ಚಪಲಕ್ಕೆ ಭಾವನ ಪಿಸ್ತೂಲನ್ನು ತೋರುಬೆರಳ ಮೇಲೆ ಅಡ್ಡಲಾಗಿ ಇಟ್ಟೆ. ನಾನು ಸೀಸ ತುಂಬಿದ್ದು ಹಿಡಿಯೊಳಗೆ, ಆದ್ದರಿಂದ ಅದು ಹಿಂದಕ್ಕೆ ವಾಲಬೇಕು. ಇದು ಮುಂದಕ್ಕೆ ವಾಲಿತು.

ನನ್ನ ಬೆರಳ ಮೇಲಿದ್ದದ್ದು ಅಸಲಿ. ಕಂಡರೂ ಪರಾಂಬರಿಸಿ ನೋಡು ಎಂದು ಅಪ್ಪ ಬಡಿದುಕೊಳ್ಳುತ್ತಿದ್ದದ್ದು ಆಗ ಅರ್ಥವಾಯಿತು. ಮುಖ ಹೇಗಿತ್ತೋ ಗೊತ್ತಿಲ್ಲ, ಬಾಯಿ ಮಾತ್ರ ತಾನಾಗಿ ಆಡಿತು. "ಸ್ಪ್ರಿಂಗ್ ಸಡಿಲ ಆಗಿದೆ ಭಾವ, ಇಲ್ಲೇ ಬಿಡಿ, ನೋಡ್ಕೊಡ್ತೀನಿ" ಅಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ನಿಧಾನವಾಗಿ ನೋಡು, ಅರ್ಜೆಂಟಿಲ್ಲ" ಅಂದು ಬಂದು ಬೆಂಚಿನ ಮೇಲೆ ಕೂತರು.

ಒಳಗೆ ತಂದು ಬಾಗಿಲು ಹಾಕಿಕೊಂಡೆ. ಆಟಿಕೆಯೂ ಅಸಲಿಯೂ ಬಿಚ್ಚುವುದು ಒಂದೇ ಥರ, ಆ ಕರ್ಮಕ್ಕೂ ನಾವೇ ಹೆಮ್ಮೆ ಪಡುತ್ತೇವೆ. ಗುಂಡು ಬೇರೆ ಮಾಡಿದೆ. ಅವುಗಳನ್ನು ಅಂಟಿನ ಡಬ್ಬದಲ್ಲಿ ಹಾಕಿ, ಪಿಸ್ತೂಲನ್ನು ಡ್ರಾಯರಿನಲ್ಲಿಟ್ಟು ಕೀ ಹಾಕಿದೆ. ಇವತ್ತೇ ಮೊದಲ ಸಲ ಅವರು ಅದನ್ನು ಇಲ್ಲಿಗೆ ತಂದಿರುವುದು, ಮೊದಲ ಸಲವೇ ಸಿಕ್ಕಿತು. ಅಷ್ಟರಮಟ್ಟಿಗೆ ನಮ್ಮ ಪುಣ್ಯ.

ಪೊಲೀಸರನ್ನು ಯಾಕೆ ಕರೆಯಲಿಲ್ಲ ಎಂದು ಕೇಳಬೇಡ. ಹೊರಗೆ ನಲವತ್ತು ಜನ ಬಂದೂಕು ಹಿಡಿದು ಪೊದೆಗಳ ಹಿಂದೆ ಅಡಗಿದ್ದಾರೆ. ಗಾಬರಿಯಲ್ಲಿ ನುಗ್ಗಿ ಬಂದವರಿಗೆ ಯಾವುದು ಆಟ, ಯಾವುದು ನಿಜ ಎಂದು ಯಾರು ಹೇಳಬೇಕು. ಎತ್ತಿ ನೋಡಿ ಹೇಳುತ್ತಿದ್ದ ನಾನೇ ಹೀಗಾದೆ.

ಹೊರಗೆ ಟಪಟಪ ಸದ್ದಾದಾಗಲೆಲ್ಲ ಬೆಂಚು ಕಿರುಗುಟ್ಟುತ್ತದೆ. ಬೆಂಚಿನ ಸದ್ದು ಇಲ್ಲವಾದರೆ ನನಗೇ ಜೀವ ಹೋದಂತಾಗುತ್ತದೆ. ಈಗ ತಾನೇ "ಆಯ್ತಾ?" ಅಂತ ಕೇಳಿದರು. ಇನ್ನೂ ಸ್ವಲ್ಪ ಇದೆ ಅಂದೆ. ಹಲ್ಲಿನ ಡಾಕ್ಟರ ಬಂದೂಕಿಗೆ ನಡುನಡುವೆ ಸುಮ್ಮನೆ ಸ್ಕ್ರೂಡ್ರೈವರ್ ತಾಗಿಸಿ ಸದ್ದು ಮಾಡುತ್ತಾ ಎಡಗೈಯಲ್ಲಿ ಕಾಗದ ಒತ್ತಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಕೋಳಿಕಾಲಾಗಿದ್ದರೆ ಕ್ಷಮಿಸು.

ನೀನು ಯಾರನ್ನಾದರೂ ಬದಲಿಗೆ ನಿಲ್ಲಿಸಿ ನೇರವಾಗಿ ಇಲ್ಲಿಗೆ ಬಾ. ಮನೆಗೆ ಹೋಗಬೇಡ, ಅವರಿಗೆ ಫೋನ್ ಮಾಡಬೇಡ. ಅವರನ್ನು ನೋಡುವ ಮನಸ್ಸಿನ ಡಾಕ್ಟರಿಗೆ ಹೇಳಿ ಬಾ. ಪಿಸ್ತೂಲಿನ ಲೈಸೆನ್ಸ್ ವಾಪಸ್ ಕೊಡುವ ಅರ್ಜಿ ನಿನ್ನ ಮೇಜಿನ ಮೇಲೆ ನಾಳೆ ನಾಳೆ ಅನ್ನುತ್ತಾ ಕೂತಿದೆಯಲ್ಲ, ನಾಳೆ ನಾವಿಬ್ಬರೂ ಹೋಗಿ ಠಾಣೆಗೆ ಕೊಟ್ಟುಬರೋಣ. ಅವರನ್ನು ಬೈಯಬೇಡ. ನನ್ನನ್ನು ಎಷ್ಟು ಬೇಕಾದರೂ ಬೈ. ನೀನು ಬರುವವರೆಗೆ ಅವರನ್ನು ಈ ಬೆಂಚಿನಿಂದ ಎದ್ದು ಹೋಗಲು ಬಿಡುವುದಿಲ್ಲ, ಬೇಕಾದರೆ ಹತ್ತು ಲೋಟ ಟೀ ಕುಡಿಸುತ್ತೇನೆ.

ನಿನ್ನ ದಡ್ಡ ತಂಗಿ,
ಬೋಲ್ಟು

ತಾ.ಕ.: ಇವಳೇ, ಇದು ನನ್ನ ಅಕ್ಷರ. ಪಟ್ಟಿಯಣ್ಣ ಇವತ್ತು ಹೇಳದೆಯೇ ಹೊರಟರು. ಗಾಡಿ ಸದ್ದು ಕೇಳಿ ನಿನ್ನ ತಂಗಿ ಅವರನ್ನು ತಡೆಯಲು ಓಡಿದಳು. ಕಾಗದ ಹಾರದಿರಲೆಂದು ಡ್ರಾಯರಿನ ಕೀಯನ್ನು ಅದರ ಮೇಲಿಟ್ಟು ಹೋಗಿದ್ದಾಳೆ. ಓದಿದೆ. ಕೀ ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ, ಮತ್ತೆ ಅಲ್ಲೇ ಇಡುತ್ತೇನೆ. ಅವಳು ಗೊತ್ತಿಲ್ಲದೆ ಒಂದು ಸುಳ್ಳು ಬರೆದಿದ್ದಾಳೆ, ಬೈಯಬೇಡ. ಅದನ್ನು ಇಲ್ಲಿಗೆ ತಂದದ್ದು ಇವತ್ತೇ ಮೊದಲಲ್ಲ. ಇದು ಮೂರನೇ ಭಾನುವಾರ. ನನ್ನಿಂದ ಯಾರಾದರೂ ಕಿತ್ತುಕೊಳ್ಳಲಿ ಎಂದು ಅವಳ ಕೈಗೆ ಕೊಡುತ್ತಿದ್ದೆ, ಬಾಯಿಬಿಟ್ಟು ಹೇಳಲು ಆಗುತ್ತಿರಲಿಲ್ಲ. ಅವಳು ತೂಕ ಸರಿಯಿದೆ ಎಂದು ನಕ್ಕು ವಾಪಸ್ ಕೊಡುತ್ತಿದ್ದಳು. ನೀನು ಬೆಳಿಗ್ಗೆ ಬೀರು ತೆರೆಯುವಾಗ ನಾನು ಮಲಗಿರುತ್ತಿದ್ದೆ, ನಿದ್ದೆಯಲ್ಲಿರುತ್ತಿರಲಿಲ್ಲ. ಇವತ್ತಾದರೂ ಗಂಟು ಬಿಚ್ಚು ಎಂದು ದಿನಾ ಬೇಡಿಕೊಳ್ಳುತ್ತಿದ್ದೆ. ಬೇಗ ಬಾ.