ಹೆಗಲ ಮೇಲಿನ ಫೋನು

ಮಾರ್ಚ್ 4
ಬಿಸಿನೀರಿನ ಚೀಲ, ಮುಲಾಮು, ಮತ್ತೆ ಬಿಸಿನೀರಿನ ಚೀಲ. ಎಡ ಹೆಗಲ ಹಿಂದೆ, ರೆಕ್ಕೆಮೂಳೆಯ ಒಳಗಂಚಿನಲ್ಲಿ ಯಾರೋ ಸೂಜಿ ಒಳಗೇ ಮರೆತು ಹೊಲಿದ ಹಾಗಿದೆ. ಹೋಟೆಲಿನವರು ಹೊಲಿಯಲು ಕೊಟ್ಟ ಪರದೆಗಳು ಇನ್ನೂ ಬಾಕಿ. ಮುಲಾಮಿನ ವಾಸನೆಗೆ ಇವರು ಮೂಗು ಮುಚ್ಚಿಕೊಂಡು, "ದಿಂಬು ಬದಲಾಯ್ಸು ಅಂದ್ರೆ ಕೇಳಲ್ಲ ನೀನು" ಎಂದರು. ಬದಲಾಯಿಸಿ ಆಯಿತು. ದಿಂಬಿಲ್ಲದೆ ಮಲಗಿಯೂ ಆಯಿತು. ಸಾಕಾಗಿದೆ.

ಮಾರ್ಚ್ 6
ಅಂಗಡಿ ಬಾಗಿಲು ತೆಗೆಯುತ್ತಲೇ ತಂಗಿಯ ಫೋನು. ಅವಳ ಗಂಡ ತೀರಿಕೊಂಡ ಮೇಲೆ ದಿನವೂ ಹೀಗೆ. ಮಾತು ಕಡಿಮೆ. "ನೀ ಹೊಲೀತಾ ಇರು ಅಕ್ಕ. ಸದ್ದು ಕೇಳಿದ್ರೆ ಸಾಕು." ಅಮ್ಮನದೇ ಮಷೀನು, ಚಿಕ್ಕಂದಿನಲ್ಲಿ ಇದರ ಸದ್ದಿಗೇ ಇಬ್ಬರಿಗೂ ನಿದ್ದೆ. ಬಟ್ಟೆಗೆ ಎರಡೂ ಕೈ ಬೇಕು. ಹಾಗಾಗಿ ಫೋನು ಕಿವಿಗೂ ಹೆಗಲಿಗೂ ನಡುವೆ — ಸಂಜೆಯವರೆಗೆ. ಸ್ಪೀಕರ್‌ಗೆ ಹಾಕಿದರೆ ತನ್ನ ಮಾತು ಗಿರಾಕಿಗಳಿಗೆ ಕೇಳುತ್ತದೆಂದು ಕಟ್ ಮಾಡಿಬಿಡುತ್ತಾಳೆ.

ಮಾರ್ಚ್ 11
ಫಿಸಿಯೋ ಹತ್ತಿರ ಹೋಗಿಬಂದೆ. ಚಿಕ್ಕ ಹುಡುಗಿ, ಹೆಬ್ಬೆರಳು ಮಾತ್ರ ಕಬ್ಬಿಣ. ಒತ್ತಿದಳು — ಕಣ್ಣಲ್ಲಿ ನೀರು. ಮೂಳೆಗೆ ಏನೂ ಆಗಿಲ್ಲವಂತೆ. ಕತ್ತಿನಿಂದ ಇಳಿದು ರೆಕ್ಕೆಮೂಳೆಗೆ ಅಂಟಿರುವ ಸ್ನಾಯು, ಹೆಗಲನ್ನು ಎತ್ತಿ ಹಿಡಿದೂ ಹಿಡಿದೂ ಗಂಟುಕಟ್ಟಿದೆಯಂತೆ.
"ಫೋನ್ ಹೆಗಲಲ್ಲಿ ಸಿಕ್ಕಿಸ್ಕೊಂಡು ಮಾತಾಡ್ತೀರಾ?"
"ಇಲ್ಲಮ್ಮ" ಎಂದೆ. ಹೌದು ಎಂದಿದ್ದರೆ ಬಿಟ್ಟುಬಿಡಿ ಎನ್ನುತ್ತಿದ್ದಳು.
ಮಷೀನಿನ ಬಾಬಿನ್‌ನಲ್ಲಿ ದಾರ ಮುಗಿದಾಗಲೆಲ್ಲ ಏಳಬೇಕಂತೆ. ಎರಡೂ ರೆಕ್ಕೆಮೂಳೆಗಳ ನಡುವೆ ಪೆನ್ಸಿಲ್ ಹಿಡಿದ ಹಾಗೆ ಅವನ್ನು ಹಿಂದಕ್ಕೆ ಕೂಡಿಸಬೇಕು, ಉಸಿರು ಬಿಗಿಹಿಡಿಯಬಾರದು. ಗೋಡೆಗೂ ಬೆನ್ನಿಗೂ ನಡುವೆ ಚೆಂಡಿಟ್ಟು ಮೆಲ್ಲಗೆ ಉರುಳಿಸಬೇಕು. ಇವರು ಚೆಂಡು ತಂದರು. "ಈ ವಯಸ್ಸಲ್ಲಿ ಆಟದ ಸಾಮಾನು" ಎಂದು ಸೇರಿಸಿದರು ಬೇರೆ.

ಮಾರ್ಚ್ 20
ಎಡಗೈ ಮೇಲೇಳುತ್ತಿಲ್ಲ. ಪರದೆಯ ಅಂಚು ಓರೆಯಾಯಿತು. ಬಿಚ್ಚಿ ಮತ್ತೆ ಹೊಲಿದೆ. ಇಯರ್‌ಫೋನ್ ಕೊಂಡೆ, ದುಬಾರಿಯದೇ. ಆಹಾ, ಕತ್ತು ನೆಟ್ಟಗೆ! ಒಂದು ಪರದೆ ಮುಗಿಯುವಷ್ಟರಲ್ಲಿ ಆ ಕಡೆಯಿಂದ ತಂಗಿ.
"ಅಕ್ಕಾ, ಇದ್ದೀಯಾ?"
"ಇದ್ದೀನಿ ಕಣೇ."
"ಮತ್ತೆ ಮಷೀನ್ ಯಾಕೆ ನಿಲ್ಸಿದೀಯ?"
ನಿಲ್ಲಿಸಿರಲಿಲ್ಲ. ತುಳಿಯುತ್ತಲೇ ಇದ್ದೆ. ಈ ಹಾಳು ಇಯರ್‌ಫೋನು ಸುತ್ತಲ ಸದ್ದನ್ನೆಲ್ಲ ಗದ್ದಲವೆಂದು ಸೋಸಿ ನನ್ನ ದನಿಯನ್ನು ಮಾತ್ರ ಕಳಿಸುತ್ತದಂತೆ. ಅವಳಿಗೆ ಬೇಕಿದ್ದುದೇ ಆ ಗದ್ದಲ. ಮತ್ತೆ ಹೆಗಲು.

ಏಪ್ರಿಲ್ 2
ಫಿಸಿಯೋಗೆ ನಿಜ ಹೇಳಿದೆ. ಬೈಯಲಿಲ್ಲ. "ನೋವು ಅಂತ ತಂಗಿಗೆ ಹೇಳಿದೀರಾ?" ಎಂದಳು. ಇಲ್ಲ. ಹೇಗೆ ಹೇಳಲಿ? ನೀನೇ ನನ್ನ ನೋವು ಎಂದ ಹಾಗಾಗುವುದಿಲ್ಲವೇ? ಫೋನು ಇಟ್ಟುಬಿಟ್ಟರೆ ಆ ಮನೆಯಲ್ಲಿ ಅವಳೊಬ್ಬಳೇ.

ಏಪ್ರಿಲ್ 3
ಹೇಳಿದೆ. ತಂಗಿಯಿಂದ ಬೈಗುಳ! "ಬಾಯಿಗೇನಾಗಿತ್ತೇ ನಿಂಗೆ? ಇಡು ಟೇಬಲ್ ಮೇಲೆ. ಯಾರ್ ಬಂದ್ರೂ ಬರ್ಲಿ." ಅವಳು ಹೀಗೆ ರೇಗಿ ಎಷ್ಟು ತಿಂಗಳಾಗಿತ್ತೋ.
ಸ್ಪೀಕರ್ ಹಾಕಿ, ಮಷೀನಿನ ಪಕ್ಕ ಮಡಿಸಿದ ಬಟ್ಟೆಯ ಮೇಲಿಟ್ಟೆ. ಮಧ್ಯಾಹ್ನ ಬ್ಯಾಂಕ್ ಮ್ಯಾನೇಜರ್ ಪ್ಯಾಂಟಿನ ಸೊಂಟ ಸಡಿಲಿಸಲು ಬಂದರು. ಒಗೆದು ಒಗೆದು ಬಟ್ಟೆ ಕುಗ್ಗಿತಂತೆ.
"ಬಟ್ಟೆ ಏನೂ ಕುಗ್ಗಿಲ್ಲ ಸಾರ್!" — ಟೇಬಲ್ ಮೇಲಿಂದ.
ಮ್ಯಾನೇಜರ್ ಸುತ್ತಮುತ್ತ ನೋಡಿದರು. ನಾನು ಬೆನ್ನು ಹಿಡಿದುಕೊಂಡು ನಕ್ಕೆ. ನಕ್ಕಿದ್ದಕ್ಕೂ ನೋವು.

ಮೇ 19
ನೋವು ಮುಕ್ಕಾಲು ಪಾಲು ಇಳಿದಿದೆ. ಚೆಂಡು, ಗೋಡೆ, ಬಾಬಿನ್.
ಇವತ್ತು ಫೋನು ಬರಲಿಲ್ಲ. ತಂಗಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಸೇರು ಸೇರು ಎಂದು ಪ್ರಾಣ ತಿಂದವಳು ನಾನೇ. ಖುಷಿಯೇ. ಮಧ್ಯಾಹ್ನ ಊಟದ ಡಬ್ಬಿ ತಂದ ಇವರು ಬಾಗಿಲಲ್ಲೇ ನಿಂತರು.
"ಫೋನ್ ಇಲ್ವಲ್ಲೇ, ಕತ್ತು ಯಾಕೆ ಓರೆ?"
ನೋಡಿಕೊಂಡರೆ ಹೌದು. ತಲೆ ಎಡಕ್ಕೆ ವಾಲಿದೆ, ಹೆಗಲು ಮೇಲೆದ್ದು ಕಾಯುತ್ತಿದೆ. ನೆಟ್ಟಗೆ ಮಾಡಿಕೊಂಡೆ. ತುಳಿದೆ. ಎಷ್ಟು ಜೋರು ಈ ಮಷೀನಿನ ಸದ್ದು! ಇಷ್ಟು ದಿನ ನನಗೆ ಕೇಳಿಸಿಯೇ ಇರಲಿಲ್ಲ. ಈಗ ಕೇಳಲು ನಾನೊಬ್ಬಳೇ.